ಬೆಳುಪಿಗೆ ತೆತ್ತ ಬಲ: ಹತ್ತಿ ನೂಲಿನ ಸಂಸ್ಕರಣೆ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ನೂಲನ್ನು ಬೇಯಿಸುವುದು, ಬೆಳ್ಳಗೆ ಮಾಡುವುದು, ಬಣ್ಣಕ್ಕೆ ಸಿದ್ಧಪಡಿಸುವುದು ಇವುಗಳ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಮೊದಲನೆಯ ಪತ್ರದಲ್ಲಿರುವ ತೊಂದರೆ ಅನೇಕ ಮಗ್ಗದ ಮನೆಗಳಲ್ಲಿ ಪ್ರತಿ ಬೇಸಿಗೆಯಲ್ಲಿಯೂ ಆಗುತ್ತಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ರಬಕವಿಯಲ್ಲಿ ನಮ್ಮ ಮನೆಯವರೇ ಸೇರಿ ಎರಡು ಕೈಮಗ್ಗ ನಡೆಸುತ್ತೇವೆ. 60 ಕೌಂಟಿನ ಕೋರಾ ನೂಲು (ಬೇಯಿಸದ, ಬೆಳ್ಳಗೆ ಮಾಡದ ನೂಲು) ತಂದು, ಬೇಸಿಗೆಯ ನಡುಹಗಲಿನಲ್ಲಿ ಅಂಗಳದಲ್ಲಿಯೇ ತೊಟ್ಟಿ ಇಟ್ಟುಕೊಂಡು ಬ್ಲೀಚಿಂಗ್ ಪೌಡರಿನಲ್ಲಿ ಬೆಳ್ಳಗೆ ಮಾಡಿದೆವು. ಒಂದೇ ನೀರಿಗೆ ಪುಡಿ ಕೂಡಿಸುತ್ತ ಮೂರು ಸರದಿ ತೆಗೆದೆವು. ನೂಲು ಹಾಲಿನಂತೆ ಬೆಳ್ಳಗಾಯಿತು. ಕೈಯಲ್ಲಿ ಎಳೆದರೆ ಗಟ್ಟಿಯಾಗಿಯೇ ಇತ್ತು, ನೇಯುವಾಗಲೂ ಹೆಚ್ಚು ಹರಿಯಲಿಲ್ಲ. ಆದರೆ ಕೊಂಡವರು ಸೋಡಾ ಹಾಕಿ ಎರಡು ಸಲ ಒಗೆಯುವಷ್ಟರಲ್ಲಿ ಸೀರೆ ಹರಿಯತೊಡಗಿತು. ಗಿರಣಿಯ ನೂಲೇ ಕಳಪೆಯಾಗಿತ್ತೇ? ತುಣುಕೊಂದನ್ನು ಕಳಿಸಿದ್ದೇವೆ.

ಉತ್ತರ: ನೀವು ಕಳಿಸಿದ ತುಣುಕಿನ ಹರಿದ ಅಂಚನ್ನು ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದೆ. ಒಳ್ಳೆಯ ಹತ್ತಿಯ ಎಳೆ ಹರಿದಾಗ ಅದರ ತುದಿಯಲ್ಲಿ ನಾರುಗಳು ಉದ್ದಕ್ಕೆ ಜಾರಿ, ಚಿಕ್ಕ ಕುಂಚದಂತೆ ಬಿಚ್ಚಿಕೊಂಡಿರುತ್ತವೆ. ನಿಮ್ಮ ತುಣುಕಿನಲ್ಲಿ ಹಾಸು, ಹೊಕ್ಕು ಎರಡರ ತುದಿಗಳೂ ಕತ್ತರಿಯಿಂದ ಕತ್ತರಿಸಿದಂತೆ ಮೊಂಡಾಗಿವೆ. ನಾರುಗಳು ಜಾರಿಲ್ಲ, ಇದ್ದಲ್ಲಿಯೇ ಮುರಿದಿವೆ. ತುಣುಕಿನ ಒಂದು ಮೂಲೆಯನ್ನು ಮೆಥಿಲೀನ್ ನೀಲಿಯ ತೆಳುವಾದ ದ್ರಾವಣದಲ್ಲಿ ಅದ್ದಿ ತೊಳೆದಾಗ ನೀಲಿ ಗಾಢವಾಗಿ ಉಳಿಯಿತು, ಜೊತೆಗೆ ಅಲ್ಲಲ್ಲಿ ಎಳ್ಳಿನ ಗಾತ್ರದ ಇನ್ನೂ ಗಾಢವಾದ ಚುಕ್ಕೆಗಳು ಕಂಡವು. ಚೆನ್ನಾಗಿ ಸಂಸ್ಕರಿಸಿದ ಹತ್ತಿ ಈ ಬಣ್ಣವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಆದ್ದರಿಂದ ದೋಷ ಗಿರಣಿಯ ನೂಲಿನದಲ್ಲ, ಚಲುವೆಯ, ಅಂದರೆ ಬೆಳ್ಳಗೆ ಮಾಡುವ ತೊಟ್ಟಿಯಲ್ಲಿ ಆದದ್ದು ಎಂದು ಹೇಳಬೇಕಾಗಿದೆ. ಈ ಮಾತು ನಿಮಗೆ ನೋವು ತರುತ್ತದೆಂದು ಬಲ್ಲೆ. ಆದರೂ ಮುಂದಿನ ಹಾಸು ಉಳಿಯಬೇಕಾದರೆ ಇದನ್ನು ತಿಳಿದಿರುವುದು ಅಗತ್ಯ.

ಹತ್ತಿಯ ನಾರಿನ ಬಹುಪಾಲು ಸೆಲ್ಯುಲೋಸ್. ಸಾವಿರಾರು ಗ್ಲೂಕೋಸ್ ಘಟಕಗಳು ಕೊಂಡಿಗೆ ಕೊಂಡಿ ಸೇರಿ ಆದ ಉದ್ದನೆಯ ಸರಪಳಿಗಳು ಅದರಲ್ಲಿ ಒತ್ತಾಗಿ ಮಲಗಿರುತ್ತವೆ, ನೂಲಿನ ಬಲ ನಿಂತಿರುವುದು ಈ ಸರಪಳಿಗಳ ಉದ್ದದ ಮೇಲೆ. ಕೋರಾ ನೂಲಿನ ಮಾಸಲು ಬಣ್ಣಕ್ಕೆ ಕಾರಣವಾದ ವಸ್ತುಗಳು ಬೇರೆ, ಮತ್ತು ಅವುಗಳ ಪ್ರಮಾಣ ಬಹಳ ಕಡಿಮೆ. ಬ್ಲೀಚಿಂಗ್ ಪೌಡರ್ ಆ ವಸ್ತುಗಳನ್ನು ಉತ್ಕರ್ಷಿಸಿ, ಅಂದರೆ ಆಮ್ಲಜನಕದ ಕ್ರಿಯೆಗೆ ಒಳಪಡಿಸಿ, ಬಣ್ಣಗೆಡಿಸುತ್ತದೆ. ಆದರೆ ಉತ್ಕರ್ಷಣಕ್ಕೆ ಮಾಸಲು ಯಾವುದು, ನಾರು ಯಾವುದು ಎಂಬ ಭೇದವಿಲ್ಲ. ಬಣ್ಣದ ವಸ್ತುಗಳು ಬೇಗ ಬಲಿಯಾಗುತ್ತವೆ, ಸೆಲ್ಯುಲೋಸ್ ನಿಧಾನವಾಗಿ ಬಲಿಯಾಗುತ್ತದೆ, ವ್ಯತ್ಯಾಸ ಇಷ್ಟೇ. ಆ ನಿಧಾನವನ್ನು ಕಾಯ್ದುಕೊಳ್ಳುವುದೇ ಚಲುವೆ ಮಾಡುವವರ ಕೆಲಸದ ತಿರುಳು.

ಅಳತೆ ಮೀರಿ ಉತ್ಕರ್ಷಣಗೊಂಡ ಸೆಲ್ಯುಲೋಸಿಗೆ ಆಕ್ಸಿಸೆಲ್ಯುಲೋಸ್ ಎಂಬ ಹೆಸರಿದೆ. ಅದರಲ್ಲಿ ಎರಡು ಬಗೆಯ ಗಾಯಗಳಿರುತ್ತವೆ. ಕೆಲವು ಕಡೆ ಸರಪಳಿ ಆಗಲೇ ತುಂಡಾಗಿರುತ್ತದೆ, ಇನ್ನು ಕೆಲವು ಕಡೆ ಅದು ತುಂಡಾಗದೆ, ಕೊಂಡಿಯ ಪಕ್ಕದ ಹೈಡ್ರಾಕ್ಸಿಲ್ ಗುಂಪು ಆಲ್ಡಿಹೈಡ್ ಅಥವಾ ಕೀಟೋನ್ ಗುಂಪಾಗಿ ಬದಲಾಗಿರುತ್ತದೆ. ಈ ಎರಡನೆಯ ಗಾಯವೇ ನಿಮ್ಮನ್ನು ಮೋಸಗೊಳಿಸಿದ್ದು. ಆ ಜಾಗದಲ್ಲಿ ಕೊಂಡಿ ಇನ್ನೂ ಹಿಡಿದುಕೊಂಡಿರುವುದರಿಂದ ಒಣ ನೂಲನ್ನು ಕೈಯಲ್ಲಿ ಎಳೆದಾಗ ಬಲ ಕಾಣುತ್ತದೆ, ಮಗ್ಗದ ಮೇಲೂ ಹಾಗೂ ಹೀಗೂ ನಡೆದುಹೋಗುತ್ತದೆ. ಆದರೆ ಅದೇ ನೂಲು ಮುಂದೆ ಬಿಸಿ ಕ್ಷಾರಕ್ಕೆ, ಅಂದರೆ ಒಗೆಯುವ ಸೋಡಾದ ನೀರಿಗೆ ಸಿಕ್ಕಿದ ಕೂಡಲೇ ಗಾಯಗೊಂಡ ಕೊಂಡಿಗಳೆಲ್ಲ ಕಳಚಿ ಬೀಳುತ್ತವೆ. ಸರಪಳಿಯ ಉದ್ದಕ್ಕೂ ನೂಲಿನ ಬಲಕ್ಕೂ ಇರುವ ನಂಟು ನೇರವಾದುದಲ್ಲ ಎಂಬುದನ್ನೂ ನೆನಪಿಡಬೇಕು. ಮೊದಮೊದಲು ಸರಪಳಿ ಗಣನೀಯವಾಗಿ ಚಿಕ್ಕದಾದರೂ ಬಲ ಅಷ್ಟಾಗಿ ಇಳಿಯುವುದಿಲ್ಲ, ಒಂದು ಹಂತ ದಾಟಿದ ಮೇಲೆ ಒಮ್ಮೆಲೇ ಕುಸಿಯುತ್ತದೆ. ನಿಮ್ಮ ಸೀರೆ ಮಗ್ಗದಿಂದ ಇಳಿಯುವಾಗ ಆ ಅಂಚಿನಲ್ಲಿ ನಿಂತಿತ್ತು, ಸೋಡಾ ಅದನ್ನು ಆಚೆಗೆ ತಳ್ಳಿತು.

ಇನ್ನು ತೊಟ್ಟಿಯಲ್ಲಿ ಆದದ್ದೇನು? ನಿಮ್ಮ ಪತ್ರದ ವಿವರಗಳಲ್ಲಿಯೇ ಉತ್ತರವಿದೆ. ಒಂದೇ ನೀರನ್ನು ಮೂರು ಸರದಿ ಬಳಸಿದಿರಿ, ಸೋಡಾ ಕೂಡಿಸಿದ ಪ್ರಸ್ತಾಪ ಎಲ್ಲಿಯೂ ಇಲ್ಲ. ಚಲುವೆ ನಡೆಯುತ್ತ ಹೋದಂತೆ ಆಮ್ಲಗಳು ಹುಟ್ಟುತ್ತವೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕೂಡ ಕರಗುತ್ತದೆ, ಹೀಗಾಗಿ ನೀರಿನ ಕ್ಷಾರಗುಣ ಕುಗ್ಗುತ್ತದೆ. ಹೈಪೋಕ್ಲೋರೈಟಿನ, ಅಂದರೆ ಬ್ಲೀಚಿಂಗ್ ಪೌಡರಿನಂಥ ಬ್ಲೀಚಿನ ಚಲುವೆಗೆ ಪಿಎಚ್ (ಆಮ್ಲ, ಕ್ಷಾರಗಳ ಅಳತೆ; 7 ಎಂದರೆ ತಟಸ್ಥ) 9.5ರಿಂದ 11ರವರೆಗಿನ ನೀರು ಸುರಕ್ಷಿತ. ಅದು 7ರ ಹತ್ತಿರಕ್ಕೆ ಇಳಿದಾಗ ಸೆಲ್ಯುಲೋಸಿಗೆ ಆಗುವ ಹಾನಿ ಎಲ್ಲಕ್ಕಿಂತ ಹೆಚ್ಚು. ನೀರು ತಟಸ್ಥವಾದರೆ ಸೌಮ್ಯವಾಯಿತು ಎಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ಇಲ್ಲಿ ಮಾತ್ರ ತಟಸ್ಥ ನೀರಿನಷ್ಟು ಅಪಾಯಕಾರಿಯಾದ ನೀರು ಬೇರೊಂದಿಲ್ಲ. ಅದರ ಮೇಲೆ ಬೇಸಿಗೆಯ ನಡುಹಗಲು, ಬಿಸಿಲಿಗೆ ಕಾದ ತೊಟ್ಟಿ. ತಾಪ ಏರಿದಂತೆ ಈ ಕ್ರಿಯೆ ಹಲವು ಪಟ್ಟು ವೇಗ ಪಡೆಯುತ್ತದೆ. ಎಳ್ಳಿನ ಗಾತ್ರದ ಚುಕ್ಕೆಗಳು ಪುಡಿಯ ಕರಗದ ಗರಣೆಗಳು ನೂಲಿಗೆ ಅಂಟಿಕೊಂಡಿದ್ದರ ಗುರುತು.

ಮುಂದಿನ ಸಲ ಹೀಗೆ ಮಾಡಿ. ಪುಡಿಯನ್ನು ಬೇರೆ ಪಾತ್ರೆಯಲ್ಲಿ ನೀರಿನೊಂದಿಗೆ ಕಲಸಿ, ಸೋಡಾ ಆಶ್ ಸೇರಿಸಿ, ಸುಣ್ಣವೆಲ್ಲ ತಳಕ್ಕೆ ಇಳಿಯುವವರೆಗೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಬಸಿದುಕೊಳ್ಳಬೇಕು. ಹೊಸ ಪುಡಿಯಲ್ಲಿ ದೊರಕುವ ಕ್ಲೋರಿನ್ ತೂಕದ ಸುಮಾರು ಮೂರನೆಯ ಒಂದು ಭಾಗ. ತೇವ ತಗಲಿದ ಹಳೆಯ ಪುಡಿಯಲ್ಲಿ ಅದು ಎಷ್ಟಕ್ಕೆ ಇಳಿದಿದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು, ಆದ್ದರಿಂದ ಮೊಹರು ಒಡೆಯದ ಹೊಸ ಚೀಲವನ್ನೇ ತೆಗೆದುಕೊಳ್ಳಿ. ತೊಟ್ಟಿಯ ನೀರಿನಲ್ಲಿ ಲೀಟರಿಗೆ 1ರಿಂದ 3 ಗ್ರಾಂ ಕ್ಲೋರಿನ್ ಸಾಕು. ನೆರಳಿನಲ್ಲಿ, ಬೆಳಗಿನ ತಂಪಿನಲ್ಲಿ, ಒಂದರಿಂದ ಎರಡು ಗಂಟೆಯೊಳಗೆ ಕೆಲಸ ಮುಗಿಯಬೇಕು. ಪ್ರತಿ ಸರದಿಗೂ ಪಿಎಚ್ ಕಾಗದ ಅದ್ದಿ ನೋಡಿ. ಕೊನೆಯಲ್ಲಿ ಬರಿ ನೀರಿನಲ್ಲಿ ತೊಳೆದರೆ ಕ್ಲೋರಿನ್ ಪೂರ್ತಿ ಹೋಗುವುದಿಲ್ಲ. ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟಿನ ತೆಳು ದ್ರಾವಣದಲ್ಲಿ ಅದ್ದಿ ಮತ್ತೆ ತೊಳೆಯಬೇಕು. ಪಿಷ್ಟ ಮತ್ತು ಪೊಟ್ಯಾಸಿಯಂ ಅಯೊಡೈಡ್ ಹಚ್ಚಿದ ಕಾಗದವನ್ನು ಒದ್ದೆ ನೂಲಿಗೆ ಒತ್ತಿದಾಗ ನೀಲಿಯಾದರೆ ಕ್ಲೋರಿನ್ ಇನ್ನೂ ಉಳಿದಿದೆ ಎಂದರ್ಥ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಬೇಗ ಬೆಳ್ಳಗಾಗಲಿ ಎಂದು ಯಾರಾದರೂ ಈ ತೊಟ್ಟಿಗೆ ಆಮ್ಲ ಸುರಿಯಲು ಹೇಳಿದರೆ ಎಂದಿಗೂ ಕೇಳಬೇಡಿ. ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ನೂಲು ಹಾಸಿಗೆ ಹೋಗುವ ಮೊದಲು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಚಲುವೆಯಾದ ಲಡಿಯಿಂದ (ರಾಟೆಯ ಮೇಲೆ ಸುತ್ತಿ ತೆಗೆದ ನೂಲಿನ ಕಟ್ಟಿನಿಂದ) ಇಪ್ಪತ್ತು ಇಪ್ಪತ್ತು ಎಳೆಗಳ ಹಲವು ಜೊಂಪೆ ಮಾಡಿಕೊಳ್ಳಿ. ಅರ್ಧದಷ್ಟನ್ನು ಒಗೆಯುವ ಸೋಡಾದ ನೀರಿನಲ್ಲಿ ಒಂದು ಗಂಟೆ ಕುದಿಸಿ, ತೊಳೆದು, ಉಳಿದವುಗಳ ಜೊತೆಯಲ್ಲಿಯೇ ನೆರಳಿನಲ್ಲಿ ಒಂದು ರಾತ್ರಿ ಆರಲು ಬಿಡಿ. ಮರುದಿನ ಒಂದೊಂದನ್ನೂ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎಳೆದು, ಎಷ್ಟಕ್ಕೆ ಹರಿಯಿತು ಎಂದು ಬರೆದಿಡಿ. ಕುದಿಸಿದವು ಕುದಿಸದವುಗಳಿಗಿಂತ ಎದ್ದು ಕಾಣುವಷ್ಟು ಕಡಿಮೆ ಭಾರಕ್ಕೆ ಹರಿದರೆ ಆ ನೂಲಿನಲ್ಲಿ ಅಡಗಿದ ಗಾಯವಿದೆ. ಅದನ್ನು ನೇಯ್ದು ನಿಮ್ಮ ಶ್ರಮವನ್ನು ವ್ಯರ್ಥ ಮಾಡಿಕೊಳ್ಳಬೇಡಿ.

ಪ್ರಶ್ನೆ: ಕ್ಲೋರಿನ್ ಬೇಡವೆಂದು ನಾವು ಹೈಡ್ರೋಜನ್ ಪೆರಾಕ್ಸೈಡಿಗೆ ಬದಲಾಯಿಸಿದ್ದೇವೆ. ಇದು ನೂಲಿಗೆ ಏನೂ ಮಾಡುವುದಿಲ್ಲ ಎಂದು ಮಾರುವವರು ಹೇಳಿದರು. ಇದು ನಿಜವೇ? (ಗಜೇಂದ್ರಗಡದ ಬಣ್ಣಗಾರರೊಬ್ಬರು)

ಉತ್ತರ: ಬದಲಾಯಿಸಿದ್ದು ಒಳ್ಳೆಯ ನಿರ್ಧಾರ. ಪೆರಾಕ್ಸೈಡ್ ಕೆಲಸ ಮುಗಿಸಿ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ವಾಸನೆಯಿಲ್ಲ, ಬೆಳುಪು ಬಹಳ ಕಾಲ ನಿಲ್ಲುತ್ತದೆ. ಆದರೆ ‘ಏನೂ ಮಾಡುವುದಿಲ್ಲ’ ಎಂಬುದು ನಿಜವಲ್ಲ. ಅದೂ ಉತ್ಕರ್ಷಕವೇ, ಮತ್ತು ಅದಕ್ಕೆ ಒಂದು ದೊಡ್ಡ ಶತ್ರುವಿದೆ: ಲೋಹ. ಕಬ್ಬಿಣ ಅಥವಾ ತಾಮ್ರದ ಕಣವೊಂದು ನೂಲಿನ ಮೇಲಿದ್ದರೆ ಆ ಬಿಂದುವಿನಲ್ಲಿ ಪೆರಾಕ್ಸೈಡ್ ಹತೋಟಿ ತಪ್ಪಿ ಒಡೆಯುತ್ತದೆ, ಸುತ್ತಲಿನ ನಾರನ್ನು ತಿಂದುಹಾಕುತ್ತದೆ.

ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಬಣ್ಣದ ಮನೆಗೆ ನೇಕಾರರೊಬ್ಬರು ಕಡು ಹಸಿರು ಬಣ್ಣದ ನೂಲನ್ನು ಹಿಂದಕ್ಕೆ ತಂದಿದ್ದರು. ಕಂಡಿಕೆ ಸುತ್ತುವಾಗ ಎಳೆ ಮತ್ತೆ ಮತ್ತೆ ಹರಿಯುತ್ತಿತ್ತು. ‘ಎಣಿಸಿದಂತೆ ಹರಿಯುತ್ತದೆ’ ಎಂಬುದು ಅವರ ಮಾತು. ನಾವು ಹರಿದ ತುಂಡುಗಳನ್ನು ನೆಲದ ಮೇಲೆ ಹಾಸಿ ಅಳೆದೆವು. ಕೆಲವು 54 ಅಂಗುಲ, ಕೆಲವು 108 ಅಂಗುಲ, ಮತ್ತೆ ಕೆಲವು ಅದರ ಮುಂದಿನ ಮಡಿ. ಲಡಿ ಸುತ್ತುವ ರಾಟೆಯ ಸುತ್ತಳತೆ ಒಂದೂವರೆ ಗಜ, ಅಂದರೆ 54 ಅಂಗುಲ. ಅಲ್ಲಿಗೆ ಗುಟ್ಟು ಬಯಲಾಯಿತು. ಲಡಿಯ ಒಂದೇ ಜಾಗದಲ್ಲಿ ಏನೋ ತಗಲಿದೆ, ಲಡಿಯನ್ನು ಬಿಚ್ಚಿದಾಗ ಆ ಜಾಗ ಪ್ರತಿ ಸುತ್ತಿಗೂ ಒಮ್ಮೆ ಬರುತ್ತಿದೆ. ಹುಡುಕಿದಾಗ ತಿಳಿದದ್ದು, ಸೋಡಾದಲ್ಲಿ ಬೇಯಿಸಿದ ಲಡಿಗಳನ್ನು ರಾತ್ರಿಯಿಡೀ ತುಕ್ಕು ಹಿಡಿದ ಕಬ್ಬಿಣದ ಗಳುವಿನ ಮೇಲೆ ನೀರಿಳಿಯಲು ನೇತು ಹಾಕಿದ್ದರು. ಬೆಳಗ್ಗೆ ಅವುಗಳನ್ನು ನೇರವಾಗಿ ಬಿಸಿ ಪೆರಾಕ್ಸೈಡಿಗೆ ಇಳಿಸಿದ್ದರು. ಒಂದು ಲಡಿಯ 840 ಗಜದಲ್ಲಿ 560 ಸುತ್ತುಗಳಿರುತ್ತವೆ. ಒಂದು ಗಳು 560 ಕಡೆ ನೂಲನ್ನು ಕೊರೆದಿತ್ತು. ಹಸಿರು ಬಣ್ಣ ತುಕ್ಕಿನ ಕಲೆಯನ್ನು ಮುಚ್ಚಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು, ಅಂದಿನಿಂದ ಬಿದಿರಿನ ಗಳುವಲ್ಲದೆ ಬೇರೆಯದನ್ನು ನಾನು ಬಳಸಲು ಬಿಟ್ಟಿಲ್ಲ.

ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆ ಬಳಸಿ, ಮನೆಯ ತಾಮ್ರದ ಹಂಡೆ ಬೇಡವೇ ಬೇಡ. ಕೊಳವೆಬಾವಿಯ ನೀರು ನಿಂತಾಗ ಕೆಂಪು ಗಸಿ ಬಿಡುತ್ತಿದ್ದರೆ ಅದರಲ್ಲಿ ಕಬ್ಬಿಣವಿದೆ, ಅದನ್ನು ಸೋಸದೆ ಬಳಸಬಾರದು. ನೀರಿನ ಪಿಎಚ್ 10.5ರಿಂದ 11ರ ನಡುವೆ ಇರಲಿ, ತಾಪ 85ರಿಂದ 95 ಡಿಗ್ರಿ. ಪೆರಾಕ್ಸೈಡ್ ತಟ್ಟನೆ ಒಡೆಯದಂತೆ ತಡೆಯಲು ಸೋಡಿಯಂ ಸಿಲಿಕೇಟ್ ಬೇಕು, ಆದರೆ ಅದನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ತೆಗೆಯದಿದ್ದರೆ ನೂಲು ಮರಳು ಸವರಿದಂತೆ ಒರಟಾಗುತ್ತದೆ ಮತ್ತು ಹಣಿಗೆಯಲ್ಲಿ ಉಜ್ಜುತ್ತದೆ.

ಪ್ರಶ್ನೆ: ನಮ್ಮ ಸಹಕಾರಿ ಸಂಘದಿಂದ ಬಣ್ಣಗಾರರಿಗೆ 100 ಕಿಲೋ ಕೋರಾ ನೂಲು ಕೊಟ್ಟರೆ 94 ಕಿಲೋ ಬೆಳ್ಳನೆಯ ನೂಲು ಹಿಂದಕ್ಕೆ ಬರುತ್ತದೆ. ಲೆಕ್ಕ ಪರಿಶೋಧಕರು ಇದನ್ನು ಸೋರಿಕೆ ಎಂದು ಬರೆದಿದ್ದಾರೆ. ಬಣ್ಣಗಾರರು ಬಹಳ ನೊಂದಿದ್ದಾರೆ. (ಗುಳೇದಗುಡ್ಡ)

ಉತ್ತರ: ನಿಮ್ಮ ಬಣ್ಣಗಾರರ ಮೇಲೆ ಸಂಶಯ ಬೇಡ. ಕೋರಾ ಹತ್ತಿಯಲ್ಲಿ ಸೆಲ್ಯುಲೋಸ್ ಅಲ್ಲದೆ ಮೇಣ, ಪೆಕ್ಟಿನ್, ಪ್ರೋಟೀನ್, ಲವಣಗಳು, ಬೀಜದ ಸಿಪ್ಪೆಯ ಚೂರುಗಳು ಇರುತ್ತವೆ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿದಾಗ ಇವುಗಳ ಬಹುಭಾಗ ಕರಗಿ ಹೋಗುತ್ತದೆ. ಹೋಗಲೆಂದೇ ಕುದಿಸುವುದು. ಇದರಿಂದ 5ರಿಂದ 8 ಶೇಕಡಾ ತೂಕ ಇಳಿಯುವುದು ಸಹಜ. ಬದಲಿಗೆ 100 ಕಿಲೋ ಕೊಟ್ಟು 99 ಕಿಲೋ ಹಿಂದಕ್ಕೆ ಬಂದರೆ, ನೂಲು ಸರಿಯಾಗಿ ಬೆಂದಿಲ್ಲವೇ ಅಥವಾ ತೇವ ಉಳಿದಿದೆಯೇ ಎಂದು ನಾನು ವಿಚಾರಿಸುತ್ತಿದ್ದೆ.

ಬೆಂದಿದೆಯೋ ಇಲ್ಲವೋ ನೋಡಲು ಎಳೆಯ ಚಿಕ್ಕ ತುಂಡುಗಳನ್ನು ಬಟ್ಟಲಿನ ನೀರಿನ ಮೇಲೆ ಬಿಡಿ. ಕೋರಾ ಎಳೆ ಮೇಣದಿಂದಾಗಿ ತೇಲುತ್ತಲೇ ಇರುತ್ತದೆ, ಚೆನ್ನಾಗಿ ಬೆಂದದ್ದು ಕೆಲವೇ ಸೆಕೆಂಡುಗಳಲ್ಲಿ ಮುಳುಗುತ್ತದೆ. ಅರೆಬೆಂದ ನೂಲಿಗೆ ಹೆಚ್ಚು ಬ್ಲೀಚ್ ಹಾಕಿ ಬೆಳುಪು ತರಿಸಲು ಹೋಗುವುದೇ ಮೊದಲ ಪತ್ರದಲ್ಲಿ ಹೇಳಿದ ಹಾನಿಗೆ ಹೆದ್ದಾರಿ. ಬೇಯಿಸುವಿಕೆ ಸಂಪೂರ್ಣವಾದಷ್ಟೂ ಉತ್ಕರ್ಷಕ ಕಡಿಮೆ ಸಾಕು. ನಮ್ಮ ಅಗಸರು ಈ ಕ್ರಮವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚೌಳು ಮಣ್ಣಿನ ಕ್ಷಾರದಲ್ಲಿ ನೆನೆಸಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಕೊನೆಗೆ ಬಿಸಿಲಿಗೆ ಹರಡುತ್ತಿದ್ದರು. ಕ್ಷಾರದ ಬೇಯಿಸುವಿಕೆ ಮೊದಲು, ಬಿಸಿಲು ಗಾಳಿಗಳ ಸೌಮ್ಯ ಉತ್ಕರ್ಷಣ ಆಮೇಲೆ.

ಬೇಯಿಸುವಾಗ ಲಡಿಗಳು ನೀರಿನಲ್ಲಿ ಪೂರ್ತಿ ಮುಳುಗಿರಬೇಕು. ಬಿಸಿ ಕಾಸ್ಟಿಕ್ಕಿನಲ್ಲಿ ತೊಯ್ದ ಹತ್ತಿ ಮೇಲೆ ತಲೆ ಎತ್ತಿ ಗಾಳಿಗೆ ಒಡ್ಡಿಕೊಂಡರೆ, ಗಾಳಿಯ ಆಮ್ಲಜನಕವೇ ಅದನ್ನು ಉತ್ಕರ್ಷಿಸಿ ಬಲಗುಂದಿಸುತ್ತದೆ. ಬ್ಲೀಚ್ ಮುಟ್ಟುವ ಮೊದಲೇ ನೂಲು ಕೆಟ್ಟಿರುತ್ತದೆ.

ಲೆಕ್ಕದ ವಿಷಯದಲ್ಲಿ ಇನ್ನೊಂದು ಮಾತು. ಕೌಂಟ್ ಎಂದರೆ ಒಂದು ಪೌಂಡ್ ನೂಲಿನಲ್ಲಿರುವ ಲಡಿಗಳ ಸಂಖ್ಯೆ, ಆದ್ದರಿಂದ ತೂಕ ಇಳಿದಾಗ ನೂಲಿನ ಕೌಂಟ್ ಏರುತ್ತದೆ. 40 ಕೌಂಟಿನ ನೂಲು ಉದ್ದ ಬದಲಾಗದೆ 5 ಶೇಕಡಾ ತೂಕ ಕಳೆದುಕೊಂಡರೆ ಅದು 42.1 ಕೌಂಟ್ ಆಗುತ್ತದೆ. ಅದೇ ಹೊತ್ತಿಗೆ ಲಡಿ 2 ಶೇಕಡಾ ಕುಗ್ಗಿದರೆ 41.3ಕ್ಕೆ ನಿಲ್ಲುತ್ತದೆ. ಹೀಗಾಗಿ ಕಿಲೋ ಲೆಕ್ಕದ ಜೊತೆಗೆ ಲಡಿಗಳ ಎಣಿಕೆಯನ್ನೂ ಪುಸ್ತಕದಲ್ಲಿ ನಮೂದಿಸಿ. 40 ಕೌಂಟಿನ 10 ಪೌಂಡಿನ ಕಟ್ಟಿನಲ್ಲಿ 400 ಲಡಿಗಳಿರುತ್ತವೆ, ಹೋದ 400 ಲಡಿಗಳೂ ಹಿಂದಕ್ಕೆ ಬಂದಿದ್ದರೆ ಪರಿಶೋಧಕರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಹತ್ತಿ ಗಾಳಿಯ ತೇವವನ್ನು ಹೀರುತ್ತದೆ, ವ್ಯಾಪಾರದ ಲೆಕ್ಕದಲ್ಲಿ ಅದನ್ನು 8.5 ಶೇಕಡಾ ಎಂದು ಹಿಡಿಯುತ್ತಾರೆ. ಮಳೆಗಾಲದಲ್ಲಿ ಕೊಟ್ಟು ಬೇಸಿಗೆಯಲ್ಲಿ ತೂಗಿಕೊಂಡರೆ ಆ ವ್ಯತ್ಯಾಸವೂ ಬಡ ಬಣ್ಣಗಾರನ ತಲೆಯ ಮೇಲೆ ಬೀಳುತ್ತದೆ. ದಯವಿಟ್ಟು ಈ ಅನ್ಯಾಯವನ್ನು ಸರಿಪಡಿಸಿ.

ಪ್ರಶ್ನೆ: ಮರ್ಸರೈಸ್ ಮಾಡಿದ ನೂಲು ರೇಷ್ಮೆಯಂತೆ ಹೊಳೆಯುತ್ತದೆ. ಅದರಲ್ಲಿ ಕೃತಕ ನಾರು ಬೆರೆತಿರುತ್ತದೆಯೇ? (ಇಳಕಲ್)

ಉತ್ತರ: ಬೆರೆತಿರುವುದಿಲ್ಲ, ಅದು ಶುದ್ಧ ಹತ್ತಿಯೇ. 1844ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನ ಜಾನ್ ಮರ್ಸರ್ ಗಾಢವಾದ ಕಾಸ್ಟಿಕ್ ಸೋಡಾ ತಗಲಿದ ಹತ್ತಿ ಬಟ್ಟೆ ಕುಗ್ಗಿ, ದಪ್ಪವಾಗಿ, ಬಣ್ಣವನ್ನು ಹೆಚ್ಚು ಹಿಡಿಯುವುದನ್ನು ಗಮನಿಸಿದರು, 1850ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಆಗ ಹೊಳಪಿನ ಸುದ್ದಿಯೇ ಇರಲಿಲ್ಲ. 1890ರ ಸುಮಾರಿಗೆ ಹೊರೇಸ್ ಲೋ ಎಂಬವರು ನೂಲನ್ನು ಕುಗ್ಗಲು ಬಿಡದೆ ಬಿಗಿಯಾಗಿ ಎಳೆದು ಹಿಡಿದು ಇದೇ ಉಪಚಾರ ಮಾಡಿದಾಗ ಹೊಳಪು ಬಂತು. ಹತ್ತಿಯ ನಾರು ಸ್ವಭಾವತಃ ಚಪ್ಪಟೆಯಾಗಿ, ತಿರುಚಿದ ಪಟ್ಟಿಯಂತಿರುತ್ತದೆ. 20 ಶೇಕಡಾಕ್ಕೂ ಮಿಗಿಲಾದ ಕಾಸ್ಟಿಕ್ಕಿನಲ್ಲಿ ಅದು ಉಬ್ಬಿ ದುಂಡಾಗುತ್ತದೆ, ತಿರುಚುಗಳು ಬಿಚ್ಚಿಕೊಳ್ಳುತ್ತವೆ, ಬೆಳಕು ಚದುರದೆ ಒಂದೇ ಸಮನೆ ಮರಳುತ್ತದೆ. ಬಿಗಿಯಲ್ಲಿ ಮಾಡಿದಾಗ ಬಲವೂ ಹೆಚ್ಚುತ್ತದೆ.

ಆದರೆ ಉಬ್ಬಿದ ನಾರಿನ ಒಳಕ್ಕೆ ಬಣ್ಣ ಸುಲಭವಾಗಿ ಹೋಗುವಂತೆಯೇ ಉತ್ಕರ್ಷಕವೂ ಹೋಗುತ್ತದೆ. ಮರ್ಸರೈಸ್ ಆದ ನೂಲಿಗೆ ಕೋರಾ ನೂಲಿನ ಅಳತೆಯ ಬ್ಲೀಚ್ ಹಾಕಬೇಡಿ. ಮರ್ಸರೈಸ್ ಆದ ಲಡಿಗಳನ್ನೂ ಆಗದ ಲಡಿಗಳನ್ನೂ ಒಂದೇ ಬಣ್ಣದ ತೊಟ್ಟಿಗೆ ಇಳಿಸಿದರೆ ಎರಡು ಛಾಯೆ ಬರುವುದು ಖಂಡಿತ.

ಪ್ರಶ್ನೆ: ನಾನು ಜವಳಿ ತಂತ್ರಜ್ಞಾನದ ವಿದ್ಯಾರ್ಥಿನಿ. ಹತ್ತಿ ನೂಲನ್ನು ಸೋಡಿಯಂ ಪರ್‌ಅಯೊಡೇಟಿನಿಂದ ಉತ್ಕರ್ಷಿಸಿ, ಅದಕ್ಕೆ ಮೊದಲು ಮಾಡುವ ರಾಸಾಯನಿಕ ಉಪಚಾರ ನೂಲಿನ ಗುಣಗಳ ಮೇಲೆ ಹೇಗೆ ಪರಿಣಾಮ ಬೀರುತ್ತದೆ ಎಂದು ನೋಡಬೇಕಾಗಿದೆ. ಹಾಳಾಗಲೆಂದೇ ಉತ್ಕರ್ಷಿಸುವುದೇಕೆ ಎಂದು ಮನೆಯವರು ಕೇಳುತ್ತಾರೆ. (ಬೆಂಗಳೂರು)

ಉತ್ತರ: ಮನೆಯವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನೇಕಾರರಿಗೆ ಶಾಪವಾದ ಆಕ್ಸಿಸೆಲ್ಯುಲೋಸ್ ವೈದ್ಯರಿಗೆ ವರವಾಗಿದೆ. ನೈಟ್ರೋಜನ್ ಡೈಆಕ್ಸೈಡಿನಿಂದ ಉತ್ಕರ್ಷಿಸಿದ ಸೆಲ್ಯುಲೋಸಿನಲ್ಲಿ ಗ್ಲೂಕೋಸ್ ಘಟಕದ ಆರನೆಯ ಇಂಗಾಲ ಕಾರ್ಬಾಕ್ಸಿಲ್ ಗುಂಪಾಗುತ್ತದೆ. ಅಂಥ ಬಟ್ಟೆ ಶಸ್ತ್ರಕ್ರಿಯೆಯಲ್ಲಿ ರಕ್ತಸ್ರಾವವನ್ನು ತಡೆದು, ಆಮೇಲೆ ದೇಹದಲ್ಲಿಯೇ ಕರಗಿಹೋಗುತ್ತದೆ. 1940ರ ದಶಕದಿಂದಲೂ ಅದು ಬಳಕೆಯಲ್ಲಿದೆ. ನಿಮ್ಮ ಪರ್‌ಅಯೊಡೇಟ್ ಇನ್ನೊಂದು ದಾರಿ ಹಿಡಿಯುತ್ತದೆ. ಅದು ಎರಡನೆಯ ಮತ್ತು ಮೂರನೆಯ ಇಂಗಾಲಗಳ ನಡುವಿನ ಬಂಧವನ್ನೇ ಸೀಳಿ, ಎರಡೂ ಕಡೆ ಆಲ್ಡಿಹೈಡ್ ಗುಂಪುಗಳನ್ನು ಉಳಿಸುತ್ತದೆ. ಆ ಗುಂಪುಗಳಿಗೆ ಕಿಣ್ವಗಳನ್ನೂ ಇತರ ಪ್ರೋಟೀನುಗಳನ್ನೂ ಕಟ್ಟಿಹಾಕಬಹುದು.

ಈಗ ನಿಮ್ಮ ಪ್ರಯೋಗದ ವಿಷಯ. ಬೇಯಿಸದ ನೂಲಿನಲ್ಲಿ ಮೇಣ ಅಡ್ಡ ನಿಲ್ಲುವುದರಿಂದ ಉತ್ಕರ್ಷಣ ಏಕರೂಪವಾಗುವುದಿಲ್ಲ, ಆದ್ದರಿಂದ ಕ್ಷಾರದ ಬೇಯಿಸುವಿಕೆ ಎಲ್ಲ ಮಾದರಿಗಳಿಗೂ ಸಮಾನವಾಗಿರಲಿ. ಅದರ ಮೇಲೆ ಕೆಲವನ್ನು ಬಿಗಿಯಾಗಿ, ಕೆಲವನ್ನು ಸಡಿಲವಾಗಿ ಮರ್ಸರೈಸ್ ಮಾಡಿ. ಪರ್‌ಅಯೊಡೇಟ್ ಮೊದಲು ನಾರಿನ ಅಸ್ತವ್ಯಸ್ತ ಭಾಗಗಳನ್ನು ಹೊಗುತ್ತದೆ, ಸ್ಫಟಿಕದಂತೆ ಒತ್ತಾಗಿ ಜೋಡಿಸಿದ ಭಾಗಗಳಿಗೆ ನಿಧಾನವಾಗಿ ಇಳಿಯುತ್ತದೆ. ಕಾಸ್ಟಿಕ್ ಆ ಒತ್ತನ್ನು ಸಡಿಲಿಸುವುದರಿಂದ ಮರ್ಸರೈಸ್ ಆದ ನೂಲಿನಲ್ಲಿ ಕ್ರಿಯೆ ಬೇಗ ನಡೆಯುತ್ತದೆ, ಸಡಿಲವಾಗಿ ಮಾಡಿದ್ದರಲ್ಲಿ ಇನ್ನೂ ಬೇಗ. ಹೀಗಾಗಿ ಒಂದೇ ಹೊತ್ತು ಉತ್ಕರ್ಷಿಸಿದ ಎರಡು ನೂಲುಗಳನ್ನು ಹೋಲಿಸಿದರೆ ಸಾಲದು. ಖರ್ಚಾದ ಪರ್‌ಅಯೊಡೇಟನ್ನು ಅಳೆದು, ಸಮಾನ ಉತ್ಕರ್ಷಣ ಪಡೆದ ನೂಲುಗಳನ್ನು ಹೋಲಿಸಬೇಕು. ಕ್ರಿಯೆ ಕತ್ತಲಲ್ಲಿ ನಡೆಯಲಿ. ಬೆಳಕಿಗೆ ಪರ್‌ಅಯೊಡೇಟ್ ಒಡೆದು ಬೇಡದ ಪಾರ್ಶ್ವಕ್ರಿಯೆಗಳು ಹುಟ್ಟುತ್ತವೆ. ಉಳಿದ ಉತ್ಕರ್ಷಕವನ್ನು ಎಥಿಲೀನ್ ಗ್ಲೈಕಾಲಿನಿಂದ ನಿಲ್ಲಿಸಬಹುದು.

ಬಲದ ಅಳತೆಯಲ್ಲಿ ವಿದ್ಯಾರ್ಥಿಗಳು ಎಡವುವ ಜಾಗವೊಂದಿದೆ. ಸಡಿಲವಾಗಿ ಮರ್ಸರೈಸ್ ಆದ ನೂಲು ಉದ್ದದಲ್ಲಿ ಬಹಳ ಕುಗ್ಗಿ ದಪ್ಪವಾಗುತ್ತದೆ. ಅದು ಹೆಚ್ಚು ಭಾರಕ್ಕೆ ಹರಿದರೆ ನಾರು ಬಲಗೊಂಡಿದೆ ಎಂದಲ್ಲ, ನೂಲು ದಪ್ಪವಾಗಿದೆ ಎಂದಷ್ಟೇ. ಪ್ರತಿ ಹಂತದಲ್ಲಿಯೂ ನೂಲಿನ ಟೆಕ್ಸ್ (ಒಂದು ಕಿಲೋಮೀಟರ್ ನೂಲಿನ ತೂಕ, ಗ್ರಾಂಗಳಲ್ಲಿ) ಅಳೆದು, ಬಲವನ್ನು ಟೆಕ್ಸಿನಿಂದ ಭಾಗಿಸಿ ಬರೆಯಿರಿ. ಮಾದರಿಗಳನ್ನು 27 ಡಿಗ್ರಿ ತಾಪ, 65 ಶೇಕಡಾ ಆರ್ದ್ರತೆಯಲ್ಲಿ ಒಂದು ದಿನ ಇಟ್ಟು ಪರೀಕ್ಷಿಸಿ, ಒದ್ದೆ ನೂಲಿನ ಬಲವನ್ನೂ ತಪ್ಪದೆ ನೋಡಿ. ಆರೋಗ್ಯವಂತ ಹತ್ತಿ ಒದ್ದೆಯಾದಾಗ ಇನ್ನಷ್ಟು ಬಲಗೊಳ್ಳುತ್ತದೆ, ಗಾಯಗೊಂಡ ಹತ್ತಿ ಆ ಗುಣವನ್ನು ಕಳೆದುಕೊಳ್ಳುತ್ತದೆ. ನಾನು ನೋಡಿದ ಪರೀಕ್ಷೆಗಳಲ್ಲಿ ಹಾನಿಯನ್ನು ಮೊದಲು ಹೇಳಿಕೊಟ್ಟದ್ದು ಒದ್ದೆ ನೂಲೇ.

ಸರಪಳಿಯ ಉದ್ದ ತಿಳಿಯಲು ಕ್ಯುಪ್ರಮೋನಿಯಂ ದ್ರಾವಣದಲ್ಲಿ ಹತ್ತಿಯನ್ನು ಕರಗಿಸಿ ಆ ದ್ರವ ಎಷ್ಟು ಸುಲಭವಾಗಿ ಹರಿದುಹೋಗುತ್ತದೆ ಎಂದು ಅಳೆಯುವ ಪದ್ಧತಿ ನಿಮಗೆ ಗೊತ್ತಿರುತ್ತದೆ. ಒಳ್ಳೆಯ ಚಲುವೆಯಾದ ಹತ್ತಿಯ ಹರಿವಿನ ಅಂಕ 5ರ ಸುತ್ತಮುತ್ತ ಇರುತ್ತದೆ, 10 ದಾಟಿದರೆ ಹಾನಿಯನ್ನು ಸಂಶಯಿಸಬೇಕು. ಆದರೆ ನಿಮ್ಮ ಮಾದರಿಗಳಿಗೆ ಅದನ್ನು ನೇರವಾಗಿ ಬಳಸಿದರೆ ದಾರಿ ತಪ್ಪುತ್ತೀರಿ. ಆ ದ್ರಾವಣವೇ ತೀವ್ರ ಕ್ಷಾರವಾದ್ದರಿಂದ, ರಬಕವಿಯ ಸೀರೆಗೆ ಸೋಡಾ ಮಾಡಿದ್ದನ್ನೇ ಅದು ನಿಮ್ಮ ನೂಲಿಗೆ ಮಾಡುತ್ತದೆ, ಅಲ್ಲಿಯವರೆಗೆ ಹಿಡಿದುಕೊಂಡಿದ್ದ ಕೊಂಡಿಗಳು ಅಳೆಯುವ ಹೊತ್ತಿನಲ್ಲಿಯೇ ಕಳಚುತ್ತವೆ. ಒಂದು ಪಾಲನ್ನು ಮೊದಲು ಸೋಡಿಯಂ ಬೋರೋಹೈಡ್ರೈಡಿನಲ್ಲಿ ಉಪಚರಿಸಿ ಆಲ್ಡಿಹೈಡುಗಳನ್ನು ಮತ್ತೆ ಹೈಡ್ರಾಕ್ಸಿಲ್ ಗುಂಪುಗಳನ್ನಾಗಿಸಿ ಅಳೆಯಿರಿ, ಇನ್ನೊಂದು ಪಾಲನ್ನು ಹಾಗೆಯೇ ಅಳೆಯಿರಿ. ಎರಡರ ನಡುವಿನ ಅಂತರವೇ ಅಡಗಿದ ಗಾಯದ ಪ್ರಮಾಣ. ನಿಮ್ಮ ವರದಿಯ ಅತ್ಯಂತ ಬೆಲೆಯುಳ್ಳ ಅಂಕಿ ಇದೇ ಆಗುತ್ತದೆ ಎಂದು ನನಗೆ ಅನಿಸುತ್ತದೆ.

ಪ್ರಶ್ನೆ: ನನ್ನ ಬಿಳಿ ಖಾದಿ ಅಂಗಿಗಳು ಇಸ್ತ್ರಿ ಮಾಡುತ್ತ ಮಾಡುತ್ತ ಹಳದಿಗೆ ತಿರುಗಿವೆ. ಮತ್ತೆ ಬ್ಲೀಚ್ ಮಾಡಿಸಲೇ? (ಧಾರವಾಡದ ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ಮಾಡಿಸಬೇಡಿ. ಪ್ರತಿ ಒಗೆತಕ್ಕೂ ಬ್ಲೀಚ್ ಬಳಸಿದ ಬಟ್ಟೆಯಲ್ಲಿ ಆಲ್ಡಿಹೈಡ್ ಗುಂಪುಗಳು ಸೇರುತ್ತ ಹೋಗುತ್ತವೆ, ಬಿಸಿ ಇಸ್ತ್ರಿಗೆ ಅವು ಹಳದಿಯಾಗುತ್ತವೆ. ಮತ್ತೆ ಬ್ಲೀಚ್ ಮಾಡಿದರೆ ಒಂದೆರಡು ವಾರ ಬೆಳ್ಳಗೆ ಕಾಣಬಹುದು, ಅಷ್ಟರಲ್ಲಿ ಕೊರಳಪಟ್ಟಿಯ ಮಡಿಕೆ ಬಿಟ್ಟುಕೊಳ್ಳುತ್ತದೆ. ಸೋಪು ಉಳಿಯದಂತೆ ಮೂರು ನಾಲ್ಕು ನೀರಿನಲ್ಲಿ ಜಾಲಿಸಿ, ಕೊನೆಯ ಬಕೆಟ್ಟಿಗೆ ಒಂದು ಚಮಚ ವಿನಿಗರ್ ಹಾಕಿ ಅದ್ದಿ ಹಿಂಡಿ, ಬಿಸಿಲಿನಲ್ಲಿ ಒಣಗಿಸಿ. ಆದರೆ ಬ್ಲೀಚಿನ ವಾಸನೆ ಇನ್ನೂ ಇರುವ ಬಟ್ಟೆಗೆ ವಿನಿಗರ್ ತಾಗಿಸಬಾರದು. ಇಸ್ತ್ರಿಯನ್ನು ಸ್ವಲ್ಪ ತೇವವಿರುವಾಗಲೇ, ಮಧ್ಯಮ ಬಿಸಿಯಲ್ಲಿ ಮಾಡಿಸಿ. ಅಂಗಿಗಳು ಪೂರ್ತಿ ಹಾಲುಬಿಳುಪಿಗೆ ಮರಳುವುದಿಲ್ಲ, ಆದರೆ ಇನ್ನೂ ಕೆಲವು ವರ್ಷ ತೊಡಲು ಬರುತ್ತವೆ.